ಜಾಲಿ ಮುಳ್ಳು, ಎರಿ ಮಣ್ಣು, ಝಟಕಾ ತಂತಿ

ಹಾನಗಲ್ಲಿನ ಆನೆಕೆರೆ ಏರಿಯ ಮೇಲೆ ಬೆಳಗಿನ ಆರೂವರೆ. ದೀಪಾವಳಿ ಮುಗಿದು ವಾರವಾಗಿಲ್ಲ. ನೀರಿನ ಮೇಲಿಂದೆದ್ದ ಮಂಜು ಏರಿ ಹತ್ತಿ ರಸ್ತೆಗೆ ಬಂದಿದೆ. ನೀವು ಬಗ್ಗಿ ಸೈಕಲ್ಲಿನ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೀರಿ. ಒಂದಿಷ್ಟು ಒಳಗೆ ಹೋಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡು ಬಂದವರೊಬ್ಬರು ತಮ್ಮ ಗಾಡಿ ನಿಲ್ಲಿಸಿ, ನಿಮ್ಮ ಹೆಬ್ಬೆರಳನ್ನೂ ಟೈರನ್ನೂ ನೋಡಿ ಹೇಳುತ್ತಾರೆ: "ಗಾಳಿ ಇಳದೈತ್ರೀ ಸರ. ಅಲ್ಲೆ ಬಸ್‌ ಸ್ಟ್ಯಾಂಡ್ ಕಡೆ ಪಂಚರ್ ಅಂಗಡಿ ಐತಿ, ಹೊಡಿಸ್ಕೊಂಡ ಹೋಗ್ರಿ."

ಬೇಕಂತಲೇ ಇಳಿಸಿದ್ದು ಎಂದರೆ ಅವರು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಅವರು ನೋಡಿ ಬೆಳೆದ ಸೈಕಲ್ಲು ಹಿಂದಿನ ಕ್ಯಾರಿಯರ್ ಮೇಲೆ ಗೊಬ್ಬರದ ಚೀಲ, ಬಾರಿನ ಮೇಲೆ ಮಗ, ಹ್ಯಾಂಡಲ್ಲಿಗೆ ಬುತ್ತಿ ಹೊತ್ತು ಹೋಗುವಂಥದು. ಅದಕ್ಕೆ ಗಟ್ಟಿ ಗಾಳಿಯೇ ಬೇಕು. ನಿಮ್ಮದು 2.2 ಇಂಚು ಅಗಲದ, ಟ್ಯೂಬಿಲ್ಲದ ಟೈರು. ನಿಮ್ಮ ತೂಕ ಎಪ್ಪತ್ತು ಕಿಲೋ ಆಸುಪಾಸಿನಲ್ಲಿದ್ದರೆ 25ರಿಂದ 28 ಪಿಎಸ್‌ಐ ಸಾಕು. ಇಷ್ಟು ಕಡಿಮೆ ಗಾಳಿಯಿದ್ದಾಗ ಟೈರು ಜಲ್ಲಿಯ ಮೇಲೆ ಪುಟಿಯುವುದಿಲ್ಲ, ಕಲ್ಲಿನ ಮೈಗೆ ಬಗ್ಗಿ ಹಿಡಿದುಕೊಂಡು ಮುಂದೆ ಸಾಗುತ್ತದೆ. ನಲವತ್ತು ತುಂಬಿಸಿಕೊಂಡು ಹೊರಟರೆ ತಿರುವಿನಲ್ಲಿ ಹಿಂದಿನ ಗಾಲಿ ಜಾರುತ್ತದೆ, ಸಂಜೆಯ ಹೊತ್ತಿಗೆ ಮಣಿಕಟ್ಟು ಬಾತಿರುತ್ತದೆ.

ಜೊತೆಗೆ ಬಂದಿರುವ ಹುಡುಗ ಅಕ್ಕಿಆಲೂರು ಕಡೆಯವನು. ಅವನ ಚೀಲದಲ್ಲಿ ನಾಲ್ಕಾಣೆ ನಾಣ್ಯಕ್ಕಿಂತ ಚಿಕ್ಕದೊಂದು ಹಿತ್ತಾಳೆ ತುಣುಕಿದೆ. ಈ ಸೀಮೆಯಲ್ಲಿ ಅದರಷ್ಟು ಬೆಲೆಯುಳ್ಳ ಸಾಮಾನು ನಿಮ್ಮಿಬ್ಬರಲ್ಲಿ ಮತ್ತೊಂದಿಲ್ಲ. ಬೆಲೆಬಾಳುವ ಮೌಂಟೇನ್ ಬೈಕುಗಳಿಗೆ ಬರುವ ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವಿಗೆ ಊರಿನ ಪಂಪು ಕೂರುವುದಿಲ್ಲ. ಹಳ್ಳಿಯ ಸೈಕಲ್ ಅಂಗಡಿಗೆ ಗೊತ್ತಿರುವುದು ಎರಡೇ: ಹಳೇ ಸೈಕಲ್ಲಿನ ವಾಲ್ ಟ್ಯೂಬು, ಮೋಟಾರ್ ಸೈಕಲ್ಲಿನ ದಪ್ಪ ವಾಲ್ವು. ಈ ತುಣುಕನ್ನು ಪ್ರೆಸ್ಟಾ ಮೇಲೆ ತಿರುಗಿಸಿ ಕೂರಿಸಿದರೆ ಅದು ದಪ್ಪ ವಾಲ್ವಾಗುತ್ತದೆ, ಯಾವ ಪಂಚರ್ ಅಂಗಡಿಯಲ್ಲಾದರೂ ಗಾಳಿ ತುಂಬುತ್ತದೆ. ಲಕ್ಷ ರೂಪಾಯಿಯ ಸೈಕಲ್ಲು ಕೊಂಡವರು ಇದನ್ನು ಮರೆತು ತಿಳವಳ್ಳಿಯಲ್ಲೋ ಹಂಸಭಾವಿಯಲ್ಲೋ ಟೆಂಪೋ ಕಾಯುತ್ತಾ ಕೂರಬೇಕಾಗುತ್ತದೆ.

ತಾರಕೇಶ್ವರನ ಗುಡಿಯ ಮುಂದೆ ಹಾಯುತ್ತೀರಿ. ಒಳಗೆ ಕಲ್ಲಿನಲ್ಲಿ ಕಂಡರಿಸಿದ ಕಮಲದ ಛತ್ತು ಇದೆ, ಬಾಗಿಲು ತೆರೆದಿದ್ದರೆ ಇಳಿದು ನೋಡಿ. ಊರು ದಾಟಿ ತಡಸದ ಕಡೆಯ ರಸ್ತೆ ಹಿಡಿದ ಮೇಲೆ ಡಾಂಬರಿನ ಅರ್ಧ ಭಾಗ ಹಳದಿ. ಗೋವಿನಜೋಳ ಒಣಗಲು ಹಾಕಿದ್ದಾರೆ. ಹಾವೇರಿ ಜಿಲ್ಲೆಯಲ್ಲಿ ಈ ಕಾಲಕ್ಕೆ ಕಣವೂ ರಸ್ತೆಯೂ ಒಂದೇ. ರಾಶಿಯ ಅಂಚಿಗೆ ತಲೆ ಗಾತ್ರದ ಕಲ್ಲು ಸಾಲಾಗಿ ಇಟ್ಟಿರುತ್ತಾರೆ, ಅವು ರಾತ್ರಿ ಯಾರಿಗೂ ಕಾಣವು. ಚದುರಿದ ಕಾಳಿನ ಮೇಲೆ ಗಾಲಿ ಹೋದರೆ ಬ್ರೇಕು ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೆಟ್ಟಗೆ ಹಾಯ್ದುಬಿಡಿ. ರಾಶಿಯ ಪಕ್ಕ ಕಂಬಳಿ ಹೊದ್ದು ಕೂತ ಮುದುಕಿ ನಿಮ್ಮ ತಲೆಯ ಮೇಲಿನದನ್ನು ನೋಡಿ ಮೊಮ್ಮಗನಿಗೆ ಹೇಳುತ್ತಾಳೆ: "ಗಾಡಿಗೆ ಇಂಜಿನ್ ಇಲ್ಲ, ತಲಿಗೆ ಹೆಲ್ಮೆಟ್ ಐತಿ ನೋಡೋ."

ಅವಳ ಮಾತಿನಲ್ಲಿ ಕಾನೂನೂ ಇದೆ. ಹೆಲ್ಮೆಟ್ ಕಡ್ಡಾಯ ಇರುವುದು ಇಂಜಿನ್ ಇರುವ ಗಾಡಿಗೆ, ಸೈಕಲ್ಲಿಗಲ್ಲ. ಆದರೆ ನೆಲಕ್ಕೆ ಬಡಿಯುವ ತಲೆಗೆ ಇಂಜಿನ್ನಿನ ಲೆಕ್ಕ ಗೊತ್ತಿಲ್ಲ. ಸೈಕಲ್ ಹೆಲ್ಮೆಟ್ಟಿನ ಒಳಗಿರುವುದು ಬಿಳಿ ಥರ್ಮಾಕೋಲಿನಂಥ ಫೋಮು. ಅದು ತಾನು ಅಪ್ಪಚ್ಚಿಯಾಗಿ ಪೆಟ್ಟನ್ನು ನುಂಗುತ್ತದೆ, ಅಂದರೆ ಅದರ ಕೆಲಸ ಒಂದೇ ಸಲದ್ದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಅದನ್ನು ತಮ್ಮನಿಗೆ ದಾಟಿಸಬೇಡಿ, ಎಸೆಯಿರಿ. ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಇಎನ್ 1078 ಎಂಬ ಯುರೋಪಿನ ಮಾನಕದ ಗುರುತಿದೆಯೇ ನೋಡಿ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಕೂರಬೇಕು. ಹಿಂದಕ್ಕೆ ಸರಿಸಿ ಹಣೆ ತೋರಿಸಿಕೊಂಡು ಹೋಗುವ ಚಂದಕ್ಕೆ ಅರ್ಥವಿಲ್ಲ.

ಎಡಕ್ಕೆ ಮಣ್ಣಿನ ದಾರಿ ಒಡೆಯುತ್ತದೆ. ಹುಡುಗ ಮೊಬೈಲು ತೆಗೆಯುತ್ತಾನೆ. ಅವನು ನೋಡುವುದು ದಿಶಾಂಕ್ ಆ್ಯಪು, ಸರ್ಕಾರದ ಭೂಮಾಪನ ಇಲಾಖೆಯದು. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಹೊಲ ಕೊಳ್ಳುವವರು, ಮಾರುವವರು, ಬದುವಿನ ಮೇಲೆ ಜಗಳವಾಡುವವರು ಇದನ್ನು ದಿನಾ ನೋಡುತ್ತಾರೆ. ಸೈಕಲ್ಲಿಗರಿಗೂ ಇದರಷ್ಟು ಒಳ್ಳೆಯ ನಕಾಶೆ ಇಲ್ಲ ಎಂದು ನನ್ನ ಅಭಿಪ್ರಾಯ. ವಿದೇಶಿ ರೈಡಿಂಗ್ ಆ್ಯಪುಗಳು ಒಂದು ಗೆರೆ ಎಳೆದು ದಾರಿ ಎನ್ನುತ್ತವೆ. ಆ ಗೆರೆ ಗ್ರಾಮ ನಕಾಶೆಯಲ್ಲಿರುವ ಬಂಡಿ ದಾರಿಯೋ, ಯಾರದೋ ಹೊಲದ ಬದುವೋ, ಗೋಮಾಳವೋ, ಮೀಸಲು ಅರಣ್ಯವೋ ಅವಕ್ಕೆ ಗೊತ್ತಿಲ್ಲ. ಇಲ್ಲಿ ಎಲ್ಲವೂ ನಿಂತಿರುವುದು ಆ ವ್ಯತ್ಯಾಸದ ಮೇಲೆಯೇ. ಬಂಡಿ ದಾರಿಯಾದರೆ ಯಾರೂ ತಡೆಯುವಂತಿಲ್ಲ. ಬದುವಾದರೆ ಕೇಳಿ ಹೋಗಬೇಕು, ಬಿತ್ತಿದ ಹೊಲವಾದರೆ ಕೇಳಲೂಬಾರದು.

ನೆಲ ಇಲ್ಲಿ ಕೆಂಪು. ಜಂಬುಕಲ್ಲಿನ ಪುಡಿ, ನಡುನಡುವೆ ಮುಷ್ಟಿ ಗಾತ್ರದ ಗುಂಡು. ಎರಡು ಬಂಡಿ ಜಾಡು, ಮಧ್ಯೆ ಹುಲ್ಲಿನ ದಿಣ್ಣೆ. ಎಡಕ್ಕೆ ಭತ್ತದ ಗದ್ದೆ, ಬಲಕ್ಕೆ ಸಾಗವಾನಿ. ನಿಮ್ಮ ಸೈಕಲ್ಲಿನ ಮುಂದಿನ ಶಾಕ್ ನೂರು ಮಿಲಿಮೀಟರ್ ಕುಸಿಯುವಂಥದು, ಹಿಂದೆ ಬರೀ ಚೌಕಟ್ಟು. ಹಾರ್ಡ್‌ಟೇಲ್ ಎನ್ನುತ್ತಾರೆ. ಈ ಸೀಮೆಗೆ ಅದಕ್ಕಿಂತ ಹೆಚ್ಚಿನದು ಬೇಡ. ತಾಲೂಕು ಪೇಟೆಯ ಅಂಗಡಿಗಳ ಮುಂದೆ ಹಸಿರು-ಕಿತ್ತಳೆ ಬಣ್ಣ ಬಳಿದು ನೇತು ಹಾಕಿರುವ, ಎರಡೂ ಕಡೆ ಸ್ಪ್ರಿಂಗಿನ ಅಗ್ಗದ ಸೈಕಲ್ಲುಗಳಿವೆಯಲ್ಲ, ಅವನ್ನು ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುತ್ತಾರೆ. ತುಳಿದ ಬಲದಲ್ಲಿ ಒಂದು ಪಾಲನ್ನು ಆ ಹಿಂದಿನ ಸ್ಪ್ರಿಂಗು ತಿನ್ನುತ್ತದೆ, ಉಳಿದದ್ದನ್ನು ಅದರ ತೂಕ ತಿನ್ನುತ್ತದೆ. ಅದೇ ಹಣಕ್ಕೆ ಸ್ಪ್ರಿಂಗಿಲ್ಲದ ಗಟ್ಟಿ ಸೈಕಲ್ಲು, ಒಳ್ಳೆಯ ಟೈರು, ಹಿಡಿಯುವ ಬ್ರೇಕು ಬರುತ್ತವೆ.

ಬ್ರೇಕಿನ ಮಾತು ಬಂದದ್ದಕ್ಕೆ ಇನ್ನೊಂದು. ನಮ್ಮ ಸೈಕಲ್ಲುಗಳಲ್ಲಿ ಬಲಗೈ ಲಿವರು ಸಾಮಾನ್ಯವಾಗಿ ಮುಂದಿನ ಬ್ರೇಕಿನದು. ಅಮೆರಿಕದ ಕ್ರಮದಲ್ಲಿ ಜೋಡಿಸಿ ಬಂದ ಸೈಕಲ್ಲಿನಲ್ಲಿ ಎಡಗೈಯದು. ಎರವಲು ಸೈಕಲ್ಲು ಹತ್ತಿದವರು ಮೊದಲು ನಿಂತಲ್ಲೇ ಒಂದೊಂದು ಲಿವರ್ ಹಿಡಿದು ತಳ್ಳಿ ನೋಡಬೇಕು. ಹಿಂದಿನದೆಂದು ಹಿಡಿದದ್ದು ಮುಂದಿನದಾಗಿದ್ದರೆ ಹೈಡ್ರಾಲಿಕ್ ಡಿಸ್ಕು ಒಂದು ಬೆರಳಿಗೇ ಗಾಲಿ ಕಟ್ಟಿಹಾಕುತ್ತದೆ, ಸವಾರ ಹ್ಯಾಂಡಲ್ ದಾಟಿ ಮುಂದೆ ಹೋಗಿರುತ್ತಾನೆ.

ಸಾಗವಾನಿ ದಟ್ಟವಾಗುವಲ್ಲಿ ಒಬ್ಬ ಅರಣ್ಯ ವಾಚರ್ ಎದುರಾಗುತ್ತಾರೆ. ಕೈಯಲ್ಲಿ ಕುಡುಗೋಲು, ಕೊರಳಿಗೆ ಟವೆಲು. ಶಿಗ್ಗಾವಿ ತಾಲೂಕಿನ ದುಂಡಶಿ ವಲಯದ ಕಾಡು ಇಲ್ಲಿಂದ ಹೆಚ್ಚು ದೂರವಿಲ್ಲ.

"ಎಲ್ಲಿಗ್ರೀ?"

"ಹಿಂಗ ಕಾಡಾಗ ಹಾದು ಆಚೆ ಊರಿಗೆ."

"ಕಾಡಾಗ ಅಂದ್ರ ಯಾ ದಾರೀಲೆ? ಊರ ದಾರಿ ಹಿಡದ್ರ ಹೋಗ್ರಿ, ಯಾರೂ ಏನೂ ಅನ್ನಂಗಿಲ್ಲ. ಬೆಂಕಿ ಲೈನಿನ್ಯಾಗ ಹೊಕ್ರ ಮಾತ್ರ ಸಾಹೇಬ್ರು ನನ್ನ ಕೇಳ್ತಾರ."

ಅವರು ಹೇಳಿದ್ದರಲ್ಲಿ ಎಲ್ಲಾ ಇದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಹೋಗುವುದೇ ತಪ್ಪು. ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ ಎಂಬುದು ವಿನಾಯಿತಿಯಲ್ಲ. ಊರಿಂದೂರಿಗೆ ಜನ ಓಡಾಡುವ ದಾರಿ ಬೇರೆ, ಇಲಾಖೆ ಬೇಸಿಗೆಯ ಕಿಚ್ಚು ತಡೆಯಲು ಸವರಿದ ಬೆಂಕಿ ಲೈನು ಬೇರೆ. ಎರಡನೆಯದು ಸವಾರಿಗೆ ಎಷ್ಟೇ ಚಂದ ಕಂಡರೂ ವಲಯ ಕಚೇರಿಯಲ್ಲಿ ಕೇಳಿಯೇ ಹೋಗಬೇಕು. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ವರ್ಷಗಟ್ಟಲೆ ಮೌಂಟೇನ್ ಬೈಕು ಓಡಿಸಿದವರಿಗೆ ಈ ಪಾಠ ಚೆನ್ನಾಗಿ ಗೊತ್ತು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ ಸುತ್ತಲಿನ ಜನ ಬೀದಿಗಿಳಿದು ಕಾಡನ್ನು ಕಾಡಾಗಿಯೇ ಬಿಡಿ ಎಂದರು. ಆಗ ಸೈಕಲ್ಲಿಗರೂ ತಮ್ಮನ್ನು ಕೇಳಿಕೊಳ್ಳಬೇಕಿದ್ದ ಪ್ರಶ್ನೆಯೊಂದಿತ್ತು: ಕಾಡಾಗಿಯೇ ಉಳಿಯುವ ಕಾಡಿನಲ್ಲಿ ನಮ್ಮ ಟೈರಿನ ಜಾಡಿಗೆ ಎಷ್ಟು ಜಾಗ?

ವಾಚರ್ ಇನ್ನೂ ಎರಡು ಮಾತು ಸೇರಿಸುತ್ತಾರೆ. ಕೊಯ್ಲಿನ ಹೊತ್ತಿಗೆ ಮುಂಡಗೋಡದ ಕಡೆಯಿಂದ ಆನೆ ಇಳಿಯುತ್ತವೆ, ಹೊತ್ತು ಮುಳುಗುವ ಮೊದಲು ಬಯಲಿಗೆ ಬೀಳಿ. ಎರಡನೆಯದು, ಎಲ್ಲಾದರೂ ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಊರಲ್ಲಿ ಆಶಾ ಕಾರ್ಯಕರ್ತೆಗೆ ಹೇಳಿ. ಹಾನಗಲ್ಲಿಗೆ ಹೊಂದಿಕೊಂಡ ಸೊರಬ ತಾಲೂಕಿನಲ್ಲಿಯೇ ಕ್ಯಾಸನೂರು ಇರುವುದು. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ಆ ಕಾಡಿನಲ್ಲಿ. ಅದನ್ನು ಹರಡುವುದು ಉಣ್ಣಿ. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಪುಟ್ಟ ಚಡ್ಡಿ ಹಾಕಿ ತರಗೆಲೆಯಲ್ಲಿ ಸೈಕಲ್ಲು ಒರಗಿಸಿ, ಪಕ್ಕದಲ್ಲಿ ತಾವೂ ಒರಗುವ ಸವಾರರಿಗೆ ಹೇಳಬೇಕಾದ ಮಾತು ಇದು. ಉದ್ದ ಕಾಲ್ಚೀಲ, ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ, ಸಂಜೆ ಬಿಸಿನೀರು, ಮೊಣಕಾಲ ಹಿಂದೆ ಮತ್ತು ಸೊಂಟಪಟ್ಟಿಯ ಕೆಳಗೆ ಒಮ್ಮೆ ತಡಕಾಟ. ನೀವು ಈಗಲೇ ಬಗ್ಗಿ ನೋಡಿಕೊಳ್ಳುತ್ತೀರಿ. ಕಾಲ್ಚೀಲದ ಅಂಚಿನಲ್ಲಿ ಎಳ್ಳಿನಷ್ಟು ಗಾತ್ರದ್ದೊಂದು ನಿಧಾನವಾಗಿ ಮೇಲೇರುತ್ತಿದೆ. ಹುಡುಗ ಅದನ್ನು ಎಲೆಯಲ್ಲಿ ಒರೆಸಿ ತೆಗೆಯುತ್ತಾನೆ, ಬೆರಳಿನಲ್ಲಿ ಚಿವುಟುವುದಿಲ್ಲ.

ಕಾಡು ಮುಗಿದದ್ದು ಗೊತ್ತಾಗುವುದು ತಂತಿಯಿಂದ. ಗೋವಿನಜೋಳದ ಹೊಲದ ಸುತ್ತ ಮೊಣಕಾಲೆತ್ತರಕ್ಕೆ ಒಂದು, ಸೊಂಟದೆತ್ತರಕ್ಕೆ ಒಂದು. ಬಿದಿರು ಗೂಟಕ್ಕೆ ಹಳೇ ಪ್ಲಾಸ್ಟಿಕ್ ಬಾಟಲಿಯ ತುಂಡು ಸಿಕ್ಕಿಸಿದ್ದಾರೆ. ಇದು ಝಟಕಾ. ಹಂದಿಗೆ ಹಾಕಿದ್ದು. ಬ್ಯಾಟರಿಯ ಮಷೀನಿನಿಂದ ಬರುವ ಝಟಕಾ ತಟ್ಟನೆ ಹೊಡೆದು ಬಿಡುತ್ತದೆ, ಮೈ ನಡುಗುತ್ತದೆ, ಜೀವಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಕಂಬದ ಲೈನಿನಿಂದ ನೇರ ಕೊಂಡಿ ಹಾಕುವ ಕೆಟ್ಟ ಚಾಳಿಯೂ ನಾಡಿನಲ್ಲಿದೆ. ಅದು ಅಪರಾಧ, ಹಂದಿಯನ್ನೂ ಮನುಷ್ಯನನ್ನೂ ಕೊಂದಿದೆ. ತಂತಿ ನೋಡಿ ಯಾವುದು ಎಂದು ಹೇಳಲಾಗದು. ಮಾರ್ಗ ಸರಿಯಿದೆಯೆಂದು ಮೊಬೈಲು ಎಷ್ಟೇ ಹೇಳಲಿ, ತಂತಿಯ ಕೆಳಗೆ ಸೈಕಲ್ಲು ನುಗ್ಗಿಸಬೇಡಿ. ಸವಾರಿಯಲ್ಲಿದ್ದಾಗ ಕಣ್ಣು ಹತ್ತು ಮಾರು ಮುಂದಿರಬೇಕು ಎನ್ನುವುದು ಕಲ್ಲಿಗಿಂತ ಹೆಚ್ಚಾಗಿ ಈ ತಂತಿಗೆ.

ಒಂದು ಸಣ್ಣ ಕೆರೆಯ ಏರಿ. ಅಗಲ ಒಂದೂವರೆ ಅಡಿ, ಒಂದು ಕಡೆ ನೀರು, ಇನ್ನೊಂದು ಕಡೆ ಎರಡಾಳು ಆಳದ ಇಳಿಜಾರು. ನೀವು ಸೀಟು ತಗ್ಗಿಸಿ, ಉಸಿರು ಹಿಡಿದು, ನಿಧಾನಕ್ಕೆ ಹೊರಟಿದ್ದೀರಿ. ಹಿಂದೆ ಗಂಟೆ ಬಾರಿಸುತ್ತದೆ. ಹೈಸ್ಕೂಲಿನ ಹುಡುಗಿ, ಎರಡು ಜಡೆ, ಮುಂದಿನ ತಂತಿ ಬುಟ್ಟಿಯಲ್ಲಿ ಚೀಲ. "ಅಣ್ಣಾರ, ಸ್ವಲ್ಪ ಸೈಡ್." ನೀವು ಇಳಿದು ನಿಲ್ಲುತ್ತೀರಿ. ಅವಳು ಇಳಿಯುವುದಿಲ್ಲ. ಗಿಯರಿಲ್ಲ, ಶಾಕಿಲ್ಲ, ಡಿಸ್ಕಿಲ್ಲ, ಹಿಂದಿನ ಬ್ರೇಕಿನ ರಬ್ಬರು ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಿಂದ ಕೊಡುತ್ತಾ ಬಂದು ಕೋವಿಡ್ ಕಾಲದಲ್ಲಿ ನಿಲ್ಲಿಸಿದ ಸೈಕಲ್ಲು ಅದು. ಇವಳಿಗೆ ಅಕ್ಕನಿಂದ ಬಂದದ್ದು. ನಮ್ಮ ಜಿಲ್ಲೆಗಳಲ್ಲಿ ಮಣ್ಣಿನ ದಾರಿಯ ಮೇಲೆ ಅತಿ ಹೆಚ್ಚು ಸೈಕಲ್ಲು ತುಳಿದವರು ಈ ಮಕ್ಕಳೇ. ಮೌಂಟೇನ್ ಬೈಕಿನವರೆಂದು ಅವರನ್ನು ಯಾರೂ ಕರೆದಿಲ್ಲ, ಹೆಲ್ಮೆಟ್ಟನ್ನಂತೂ ಯಾರೂ ಕೊಟ್ಟಿಲ್ಲ. ಹುಡುಗ ಕೂಗಿ ಅವಳನ್ನು ನಿಲ್ಲಿಸಿ ಬ್ರೇಕಿನ ನಟ್ಟು ಬಿಚ್ಚಿ, ಸವೆದ ರಬ್ಬರನ್ನು ತಿರುವಿ ಹಾಕಿ ಬಿಗಿ ಮಾಡುತ್ತಾನೆ. "ಶನಿವಾರ ಸಂತಿಗೆ ಹ್ವಾದಾಗ ಹೊಸಾದು ಹಾಕಿಸ್ಕೋವಾ." ಅವಳು ತಲೆಯಾಡಿಸಿ, ತಡವಾಯಿತೆಂದು ಓಡುತ್ತಾಳೆ.

ರಾಷ್ಟ್ರೀಯ ಹೆದ್ದಾರಿ 48 ಬಂದಾಗ ಹಗಲು ಕಾದಿದೆ. ಈ ಇಡೀ ದಾರಿಯಲ್ಲಿ ಅಪಾಯದ ಜಾಗ ಯಾವುದೆಂದು ಕೇಳಿದರೆ ಆನೆಯ ಕಾಡು ಎನ್ನಲಾರೆ, ಇದೇ. ಡಿವೈಡರ್ ಮೇಲೆ ಸೈಕಲ್ಲು ಎತ್ತಿ ದಾಟುವ ಧೈರ್ಯ ಬೇಡ, ಅಂಡರ್‌ಪಾಸು ಎಷ್ಟು ದೂರವಿದ್ದರೂ ಹೋಗಿ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ಬೈಕುಗಳಿಗೆ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರಿಗೆ ನೀವು ಕಾಣಬೇಕು. ಹಿಂದಿನ ಕೆಂಪು ದೀಪ ಹಗಲಲ್ಲೂ ಮಿನುಗುತ್ತಿರಲಿ.

ಬಂಕಾಪುರದ ಕೋಟೆಯಲ್ಲಿ ನೀವು ಸೈಕಲ್ಲು ತಳ್ಳಿಕೊಂಡು ನಡೆಯುತ್ತೀರಿ. 139 ಎಕರೆಯ ಈ ಕೋಟೆಯನ್ನು 2006ರಲ್ಲಿ ನವಿಲುಧಾಮವೆಂದು ಸಾರಿದರು. ಒಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವೂ ಇದೆ, ನಗರೇಶ್ವರನ ಗುಡಿಯೂ ಇದೆ. ಕಂದಕದ ದಂಡೆ, ಬುರುಜಿನ ಇಳಿಜಾರು, ಬೇವಿನ ನೆರಳಿನ ಒಣ ಮಣ್ಣು ನೋಡಿದರೆ ಯಾವ ಸವಾರನಿಗೂ ಕಾಲು ತುರಿಸುತ್ತದೆ. ಬೇಡ. ಖಿಲಾರಿ ಆಕಳು ಹುಲ್ಲು ಮೇಯ್ದು ಬಿಟ್ಟ ಬಯಲಿನಲ್ಲಿ ನವಿಲು ಆರಿಸಿ ತಿನ್ನುತ್ತಾ ನಿಂತಿದೆ, ಸೈಕಲ್ಲಿನ ಹಿಂದಿನ ಹಬ್ಬಿನ ಟಿಕಟಿಕ ಸದ್ದಿಗೇ ಅದು ಕೊರಳೆತ್ತುತ್ತದೆ.

ಸವಣೂರಿನ ಕಡೆ ತಿರುಗಿದ ಮೇಲೆ ಕೆಂಪು ನೆಲ ಹಿಂದೆ ಬಿದ್ದು ಎರೆ ಹೊಲ ಶುರುವಾಗುತ್ತದೆ. ನಿನ್ನೆ ರಾತ್ರಿ ಇಲ್ಲಿ ಒಂದು ಹದ ಮಳೆಯಾಗಿದೆ. ದಾರಿ ನೋಡಲು ಒಣಗಿದಂತಿದೆ. ನೂರು ಮೀಟರ್ ಹೋಗುವಷ್ಟರಲ್ಲಿ ಗಾಲಿ ತಿರುಗುವುದು ನಿಲ್ಲುತ್ತದೆ. ಟೈರಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಹೊಟ್ಟು, ಹೊಟ್ಟಿನ ಮೇಲೆ ಮತ್ತೆ ಮಣ್ಣು ಹತ್ತಿ, ಚೌಕಟ್ಟಿಗೂ ಟೈರಿಗೂ ನಡುವೆ ಬೆರಳು ಹೋಗದಂತೆ ಕಲಸಿದ ಹಿಟ್ಟು ತುಂಬಿಕೊಂಡಿದೆ. ಕಾಲಿನ ಬೂಟು ಒಂದೊಂದು ಎರಡು ಕಿಲೋ. ನೀವು ಹಠದಿಂದ ಪೆಡಲು ತುಳಿಯಲು ಹೋದರೆ ಹುಡುಗ ಚೀರುತ್ತಾನೆ: "ತುಳೀಬ್ಯಾಡ್ರಿ! ಡಿರೈಲರ್ ಕಿತ್ತು ಬರ್ತೈತಿ!"

ನಿಜ. ಎರೆಮಣ್ಣಿನ ಕಣ ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಹತ್ತಿ, ಜೋಳ ಬೆಳೆಯುವವರಿಗೆ ಇದು ಬಂಗಾರ. ಹಿಂದಿನ ಗಿಯರ್ ಬದಲಿಸುವ ಡಿರೈಲರಿಗೆ ಮಾತ್ರ ಇದು ಮೃತ್ಯು. ಗಾಲಿಯ ಕಡ್ಡಿಗೆ ಮಣ್ಣಿನ ಮುದ್ದೆ ಸಿಕ್ಕಿ ಎಳೆದರೆ ಡಿರೈಲರು ತನ್ನನ್ನು ಚೌಕಟ್ಟಿಗೆ ಹಿಡಿದಿರುವ ಹ್ಯಾಂಗರಿನೊಂದಿಗೆ ಮುರಿದು ಬರುತ್ತದೆ. ಕಾಡಿನಲ್ಲಿ ನಿಮ್ಮನ್ನು ಕಾಪಾಡಿದ ಅಗಲ ಟೈರೇ ಇಲ್ಲಿ ವೈರಿ. ಎರೆ ಸೀಮೆಯವರು ಮಳೆಗಾಲಕ್ಕೆಂದೇ ಸೈಕಲ್ಲು ಕೊಳ್ಳುವುದಿದ್ದರೆ ಎರಡು ಇಂಚಿಗಿಂತ ಕಿರಿದಾದ, ಗುಬಟು ದೂರದೂರ ಇರುವ ಟೈರು ಆರಿಸಿಕೊಳ್ಳಲಿ. ಅದಕ್ಕಿಂತ ಒಳ್ಳೆಯದು, ಮಳೆಯಾದ ಮರುದಿನ ಎರೆ ಹೊಲದ ದಾರಿಗೆ ಹೋಗದಿರುವುದು. ಹಸಿ ದಾರಿಯಲ್ಲಿ ಗಾಲಿ ಕೊರೆದ ಗೀರು ಒಣಗಿ ಬೇಸಿಗೆಯವರೆಗೂ ಹಾಗೇ ನಿಲ್ಲುತ್ತದೆ, ಎತ್ತಿನ ಗೊರಸು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ದಾರಿ ಕೆಟ್ಟರೆ "ನಮ್ಮ ಹೊಲ ನಮ್ಮ ದಾರಿ" ಯೋಜನೆಯಲ್ಲಿ ಮತ್ತೆ ಗರಸು ಬೀಳುವವರೆಗೆ ಕಾಯಬೇಕಾದವರು ಹೊಲದವರು, ನೀವಲ್ಲ.

ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಬದುವಿನ ಹುಲ್ಲಿನ ಮೇಲೆ ನಡೆಯುತ್ತೀರಿ. ಹುಲ್ಲಿನಲ್ಲಿ ನೆಗ್ಗಿಲು ಮುಳ್ಳು, ಬೇಲಿಯಲ್ಲಿ ಬಳ್ಳಾರಿ ಜಾಲಿ. ಡಾಂಬರಿಗೆ ಬಂದು ಕಡ್ಡಿಯಿಂದ ಮಣ್ಣು ಕೆರೆಯುವಾಗ ಮುಂದಿನ ಟೈರಿನಲ್ಲಿ ಒಂದಂಗುಲದ ಜಾಲಿ ಮುಳ್ಳು ಕಾಣುತ್ತದೆ. ಎಳೆಯುತ್ತೀರಿ. ಪುಸ್ಸೆಂದು ಬಿಳಿ ಹಾಲು ಚಿಮ್ಮುತ್ತದೆ. ತೂತನ್ನು ಕೆಳಗೆ ಬರುವಂತೆ ತಿರುಗಿಸಿ ಹಿಡಿದರೆ ಹತ್ತೆಣಿಸುವಷ್ಟರಲ್ಲಿ ನಿಲ್ಲುತ್ತದೆ. ಟ್ಯೂಬಿಲ್ಲದ ಟೈರಿನೊಳಗೆ ಸುರಿಯುವ ಈ ಸೀಲೆಂಟು ಇಲ್ಲದೆ ಸವಣೂರು ಸೀಮೆಯಲ್ಲಿ ಸೈಕಲ್ಲು ಬಿಡುವುದು ದುಡ್ಡು ದಂಡ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಟೈರು ಅಲ್ಲಾಡಿಸಿದಾಗ ಗುಳುಗುಳು ಸದ್ದು ಬರದಿದ್ದರೆ ಮತ್ತೆ ಹಾಕಬೇಕು.

ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಕೈಕಾಲು ತೊಳೆಯುತ್ತೀರಿ. ದೊಡ್ಡಹುಣಸೆ ಎಂದು ಕರೆಯುವ ಆಫ್ರಿಕಾ ಮೂಲದ ಮಹಾ ಮರಗಳು ಇಲ್ಲಿ ಮೂರು. 2023ರ ಮಳೆಗಾಲದಲ್ಲಿ ಒಂದು ಉರುಳಿಬಿತ್ತು, ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಪೇಟೆಯಲ್ಲಿ ಚಹಾದೊಂದಿಗೆ ಸವಣೂರು ಖಾರಾ. ರಾತ್ರಿ ಇಲ್ಲೇ.

ಮರುದಿನ ಟಾಟಾ ಏಸಿನಲ್ಲಿ ಸೈಕಲ್ಲು ಹಾಕಿಕೊಂಡು ಹಾವೇರಿ ಮೇಲೆ ದಕ್ಷಿಣಕ್ಕೆ ಇಳಿದದ್ದರಲ್ಲಿ ಹೇಳುವಂಥದು ಏನೂ ಇಲ್ಲ. ಹಿರೇಕೆರೂರು ಕಡೆಯ ಮಾಸೂರಿನಲ್ಲಿ ಇಳಿಯುತ್ತೀರಿ. ಊರ ಆಚೆ ಗುಡ್ಡ. ಕುಮುದ್ವತಿ ನದಿ ಗುಡ್ಡಗಳ ನಡುವೆ ಹಾದು ಬರುವಲ್ಲಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆ. ನೀರು ಬಂಡೆಯ ಮೇಲಿಂದ ಇಳಿಯುವ ಸದ್ದು ದೂರಕ್ಕೇ ಕೇಳುತ್ತದೆ. ಮಳೆಗಾಲದಲ್ಲಿ ಇಲ್ಲಿ ಜಾತ್ರೆಯಷ್ಟು ಜನ.

ಸವಾರಿಯೆಂದರೆ ಇಲ್ಲಿಯದು. ಗುಡ್ಡದ ಕಾಲುದಾರಿ ದನ ಕಾಯುವವರು ತುಳಿದದ್ದು. ಏರುವಾಗ ಅರ್ಧಕ್ಕರ್ಧ ತಳ್ಳಿಯೇ ಏರುತ್ತೀರಿ. ಮೇಲೆ ನಿಂತರೆ ಬಾಚಿಹುಲ್ಲು, ಕರಿಬಂಡೆ, ಕೆಳಗೆ ತಗಡಿನಂತೆ ಹೊಳೆಯುವ ನೀರು. ಮೇಕೆ ಮೇಯಿಸುವ ಅಜ್ಜನೊಬ್ಬ ಕಂಬಳಿ ಕೊಪ್ಪೆ ಹಾಕಿ ಕೂತಿದ್ದಾನೆ.

"ಯಜ್ಜಾ, ಈ ದಾರೀಲೆ ಇಳಿಬೌದಾ?"

"ನಾ ಇಳೀತೀನಿ, ಮ್ಯಾಕಿ ಇಳೀತಾವ. ನಿಮ್ಮ ಗಾಲಿ ಏನಂತಾವ ನನಗೇನ ಗೊತ್ತು? ಬಲಕ್ಕ ಮಾತ್ರ ಹೋಗಬ್ಯಾಡ್ರಿ, ಬಂಡಿ ಮ್ಯಾಲೆ ಪಾಚಿ ಐತಿ."

ಇಳಿಯುತ್ತೀರಿ. ಸೀಟು ಪೂರ್ತಿ ಕೆಳಗೆ, ಪೆಡಲು ಎರಡೂ ಸಮತಲ, ಹಿಮ್ಮಡಿ ಒತ್ತಿ, ಕುಂಡೆ ಹಿಂದಿನ ಟೈರಿನ ಮೇಲಕ್ಕೆ. ಒಂದೊಂದೇ ಬೆರಳು ಬ್ರೇಕಿನ ಮೇಲೆ. ಬಂಡೆಗೆ ಮೊದಲೇ ವೇಗ ತಗ್ಗಿಸಿ, ಬಂಡೆಯ ಮೇಲೆ ಬ್ರೇಕು ಬಿಟ್ಟು ಉರುಳಿಸಬೇಕು. ಹೊಸಬರು ತಿರುಗುಮುರುಗಾ ಮಾಡುತ್ತಾರೆ. ಮೊದಲ ತಿರುವು ಸರಿಯಾಯಿತು. ಎರಡನೆಯದರಲ್ಲಿ ಡಿಸ್ಕು ಕಾದ ವಾಸನೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಗುಡ್ಡವೊಂದರಲ್ಲಿ ಜೋ ಬ್ರೀಜ್, ಗ್ಯಾರಿ ಫಿಶರ್ ಮೊದಲಾದವರು ಹಳೇ ಸೈಕಲ್ಲುಗಳನ್ನು ಹೀಗೇ ಇಳಿಸಿ ಪಂದ್ಯ ಆಡಲು ಶುರುಮಾಡಿದ ಕಾಲಕ್ಕೆ ಒಂದು ಇಳಿತಕ್ಕೆ ಹಬ್ಬಿನೊಳಗಿನ ಬ್ರೇಕಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಅದರಿಂದ ಬೆಳೆದ ಮೌಂಟೇನ್ ಬೈಕಿನ ಓಟ ಒಲಿಂಪಿಕ್ಸ್ ಸೇರಿತು. ನಮ್ಮ ಗದಗಿನ ಬಿಂಕದಕಟ್ಟಿಯಲ್ಲೂ ರಾಷ್ಟ್ರೀಯ ಸ್ಪರ್ಧೆ ನಡೆದಿದೆ. ವಿಜಯಪುರ, ಬಾಗಲಕೋಟೆಗಳ ಸೈಕಲ್ಲಿಗರ ಹೆಸರು ದೇಶಕ್ಕೆ ಗೊತ್ತು. ಹಾವೇರಿಯ ಗುಡ್ಡಗಳು ಮಾತ್ರ ಇನ್ನೂ ಮೇಕೆಗಳ ಪಾಲಿಗಿವೆ. ಹಾಗಿರುವುದರಲ್ಲಿ ನನಗೆ ದುಃಖವೇನಿಲ್ಲ.

ಮೂರನೇ ತಿರುವಿನಲ್ಲಿ ಹಿಂದಿನ ಗಾಲಿ ಬಲಕ್ಕೆ ಜಾರುತ್ತದೆ. ಅಜ್ಜ ಹೇಳಿದ ಪಾಚಿ. ಕಟ್ಟೆಂದು ಕಬ್ಬಿಣ ಕಲ್ಲಿಗೆ ಬಡಿದ ಸದ್ದು, ಆಮೇಲೆ ಭುಜ, ಆಮೇಲೆ ಹೆಲ್ಮೆಟ್ಟು.

ಹುಡುಗ ನಿಮ್ಮನ್ನು ಏಳಿಸುವುದಿಲ್ಲ. ಒಳ್ಳೆಯ ಬುದ್ಧಿ. ಹೆಸರು, ಊರು, ಇವತ್ತಿನ ವಾರ ಕೇಳುತ್ತಾನೆ. ಕುತ್ತಿಗೆ ನೋವಿದೆಯೇ, ಬೆರಳು ಆಡುತ್ತವೆಯೇ, ವಾಕರಿಕೆಯೇ ಎಂದು ಕೇಳುತ್ತಾನೆ. ಎಲ್ಲ ಸರಿಯಿದ್ದ ಮೇಲೆ ನಿಧಾನಕ್ಕೆ ಕೂರಿಸುತ್ತಾನೆ. ಮೊಣಕೈ ತರಚಿದೆ, ಅಷ್ಟೇ. ಇಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕಿತ್ತು. ಆದರೆ ಇಲ್ಲಿ ಮೊಬೈಲಿಗೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಗುಡ್ಡ ಹತ್ತುವ ಮೊದಲು ಎಲ್ಲಿ ಸಿಗ್ನಲ್ ಸಿಗುತ್ತಿತ್ತು, ಡಾಂಬರು ಎಷ್ಟು ದೂರ, ಹತ್ತಿರದ ಗುಡಿ ಯಾವುದು ಎಂದು ನೋಡಿಟ್ಟುಕೊಂಡಿರಬೇಕು, ಆಂಬುಲೆನ್ಸಿನವರು ಕೇಳುವುದು ಅದನ್ನೇ. ಒಬ್ಬರೇ ಇಂಥ ಕಡೆ ಬರಬಾರದು ಎನ್ನುವುದೂ ಅದಕ್ಕೇ. ಬಂಡೆಯ ಸಂದಿ ತೋರಿಸಿ ಹುಡುಗ ಹಾವಿನ ಮಾತೆತ್ತುತ್ತಾನೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ, ಕೈಕಾಲು ಅಲುಗದಂತೆ ಇಟ್ಟು ಸರ್ಕಾರಿ ಆಸ್ಪತ್ರೆಗೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು.

ಹೆಲ್ಮೆಟ್ ತೆಗೆದು ತಿರುವುತ್ತೀರಿ. ಎಡ ಕಿವಿಯ ಮೇಲೆ ಫೋಮು ಎರಡಂಗುಲ ಸೀಳಿದೆ. ಸೈಕಲ್ಲಿನ ಹಿಂದಿನ ಹ್ಯಾಂಗರು ಒಳಕ್ಕೆ ಬಾಗಿ, ಡಿರೈಲರು ಕಡ್ಡಿಗೆ ತಾಗುತ್ತಿದೆ. ಗಿಯರ್ ಮುಟ್ಟದೆ, ಇದ್ದ ಒಂದೇ ಹಲ್ಲಿನಲ್ಲಿ ತುಳಿಯುತ್ತಾ, ಏರು ಬಂದಲ್ಲಿ ಇಳಿದು ತಳ್ಳುತ್ತಾ ಹಿರೇಕೆರೂರಿಗೆ ಬರುತ್ತೀರಿ.

ದುರ್ಗಾದೇವಿ ಕೆರೆಯಿಂದ ಆಚೆ ಒಂದು ಸೈಕಲ್ ಅಂಗಡಿ. ಹೊರಗೆ ಟ್ಯೂಬಿನ ತೋರಣ, ಒಳಗೆ ನೀರಿನ ಬೋಗುಣಿ. ಅಂಗಡಿಯವರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಹಿಂದೆ ಕೂತು, ಒಂದು ಕಣ್ಣು ಮುಚ್ಚಿ ಚೈನಿನ ಸಾಲು ನೋಡುತ್ತಾರೆ. ಪಾನಾ ಹಚ್ಚಿ, ಉಸಿರು ಹಿಡಿದು, ಕೂದಲೆಳೆಯಷ್ಟು ಬಾಗಿಸುತ್ತಾರೆ. ಮತ್ತೆ ನೋಡುತ್ತಾರೆ. ಮತ್ತೆ ಬಾಗಿಸುತ್ತಾರೆ. ಪೆಡಲು ತಿರುಗಿಸಿದರೆ ಚೈನು ಹಲ್ಲಿನಿಂದ ಹಲ್ಲಿಗೆ ಸದ್ದಿಲ್ಲದೆ ಏರುತ್ತದೆ.

"ಇದು ಅಲ್ಯೂಮಿನಿಯಂ ಐತ್ರೀ. ಒಮ್ಮಿ ನೆಟ್ಟಗ ಆತು, ಇನ್ನೊಮ್ಮಿ ಬಾಗಿಸಿದ್ರ ಕೈಯಾಗ ಬರ್ತೈತಿ. ಊರಿಗೆ ಹೋದ ಮ್ಯಾಲೆ ಹೊಸಾದು ಹಾಕಿಸ್ರಿ. ಈ ಸೈಜಿಂದು ನನ್ನ ಹತ್ರ ಇಲ್ಲ, ಇಟ್ರ ಕೊಳ್ಳೋರೂ ಇಲ್ಲ."

ಸೈಕಲ್ಲು ಎಷ್ಟಕ್ಕೆ ಬಂತು ಎಂದು ಕೇಳುತ್ತಾರೆ. ನೀವು ಅರ್ಧ ಬೆಲೆ ಹೇಳುತ್ತೀರಿ. ಅದಕ್ಕೂ ಅವರು ಪಾನಾ ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ.

ನಾಳೆ ಚಿಕ್ಕೇರೂರು ಮೇಲೆ ಹಾನಗಲ್ಲಿಗೆ ಹೊರಡುವುದೆಂದಾಗ ಅವರು ತಲೆಯಾಡಿಸುತ್ತಾರೆ. ದಾರಿಯ ಊರೊಂದರಲ್ಲಿ ನಾಳೆ ಹೋರಿ ಬಿಡುತ್ತಾರೆ. ಬೆಳಗಿನಿಂದ ರಸ್ತೆ ಬಂದ್. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಪೀಪಿಯ ಸದ್ದಿಗೆ ಬೆದರಿ ಓಡಿಬರುವ ಹೋರಿಯ ಮುಂದೆ ಯಾವ ಡಿಸ್ಕ್ ಬ್ರೇಕೂ ಕೆಲಸಕ್ಕೆ ಬಾರದು.

"ಊರ ಹೊರಗ ಹಳೇ ಬಂಡಿ ದಾರಿ ಐತಿ, ಅದನ್ನ ಹಿಡೀರಿ. ಎರಡನೇ ಹೊಲದಾಗ ದಾರಿಗೆ ಅಡ್ಡ ಝಟಕಾ ಎಳದಾರ, ನಮ್ಮ ಮಾವಂದ. ಎಷ್ಟೊತ್ತಿಗೆ ಹಾಯ್ತೀರಿ ಹೇಳ್ರಿ, ಫೋನ್ ಮಾಡಿ ಆಫ್ ಮಾಡಸ್ತೀನಿ."

"ಏಳಕ್ಕ."

"ಏಳಕ್ಕ ಅಂದ್ರ ಏಳಕ್ಕ ಬರ್ರಿ ಮತ್ತ. ಎಂಟಕ್ಕ ಅವ ಹೋರಿ ನೋಡಾಕ ಹೊಕ್ಕಾನ."